ಮೂಡಲಪಾಳ್ಯದ ಒಂದು ಆಕ್ಷೇಪಿತ ಮತ

೨೦೦೯ರ ಲೋಕಸಭಾ ಚುನಾವಣೆಯಲ್ಲಿ ನಾನು ಮೂಡಲಪಾಳ್ಯದ ಸರ್ಕಾರಿ ಶಾಲೆಯೊಂದರ ಮತಗಟ್ಟೆಗೆ ಪ್ರಿಸೈಡಿಂಗ್ ಆಫೀಸರ್ ಆಗಿದ್ದೆ. ಕನ್ನಡದಲ್ಲಿ ಆ ಹುದ್ದೆಗೆ ಮತಗಟ್ಟೆ ಅಧ್ಯಕ್ಷಾಧಿಕಾರಿ ಎಂಬ ಭಾರಿ ಹೆಸರಿದೆ. ಅಧಿಕಾರ ಎರಡೇ ದಿನದ್ದು, ಅದೂ ಒಂದೇ ಕೋಣೆಯೊಳಗಿನದು. ಆದರೆ ಆ ಕೋಣೆಯಲ್ಲಿ ಏನು ನಡೆದರೂ ಹೊಣೆ ನಮ್ಮದೇ. ಉಳಿದ ದಿನಗಳಲ್ಲಿ ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದ ಉಪನ್ಯಾಸಕಿ, ಮನೆ ಬಸವೇಶ್ವರನಗರದಲ್ಲಿ.

ಚುನಾವಣೆ ಡ್ಯೂಟಿ ಎಂದರೆ ನನ್ನ ಸಹೋದ್ಯೋಗಿಗಳಲ್ಲಿ ಹಲವರು ಡಾಕ್ಟರ ಸರ್ಟಿಫಿಕೇಟ್‌ಗಾಗಿ ಓಡಾಡುತ್ತಿದ್ದರು. ನನಗೆ ಮಾತ್ರ ಅದರ ಮೇಲೆ ಚಿಕ್ಕಂದಿನಿಂದಲೂ ಒಂದು ಮೋಹ. ಎಪ್ಪತ್ತೊಂದರ ಚುನಾವಣೆಯಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡು ರಾಜಾಜಿನಗರದ ಶಾಲೆಯೊಂದಕ್ಕೆ ಮತ ಹಾಕಲು ಹೋಗಿದ್ದಳು. ಅಂದು ಅವಳು ಪೆಟ್ಟಿಗೆಯಿಂದ ತೆಗೆದು ಉಟ್ಟಿದ್ದು ಮದುವೆ ಮುಂಜಿಗಳಿಗೆಂದು ಎತ್ತಿಟ್ಟಿದ್ದ ಸೀರೆ. ಸಾಲಿನಲ್ಲಿದ್ದ ಹೆಂಗಸರೆಲ್ಲ ಹಾಗೆಯೇ ಬಂದಿದ್ದರು. ಒಳಗೆ ಮತಪತ್ರ ಮಡಿಸುವ ಸದ್ದು ಕೇಳುವಷ್ಟು ಮೌನ. ಹೊರಗೆ ಬಂದ ಮೇಲೆ ಯಾರಿಗೆ ಹಾಕಿದೆ ಎಂದು ಕೇಳಿದರೆ, 'ಅದನ್ನ ನಿಮ್ಮಪ್ಪಂಗೂ ಹೇಳಲ್ಲ' ಎಂದು ನಕ್ಕಿದ್ದಳು. ಅಪ್ಪನಿಗೆ ಹೇಳದ ಒಂದು ಸಂಗತಿ ಅಮ್ಮನ ಬಳಿ ಇದೆ ಎಂಬುದು ನನಗೆ ಅವತ್ತು ತುಂಬ ದೊಡ್ಡದಾಗಿ ಕಂಡಿತ್ತು.

ನಾನು ಕೆಲಸಕ್ಕೆ ಸೇರಿ ಮೊದಲ ಸಲ ಡ್ಯೂಟಿಗೆ ಹೋದಾಗಲೂ ಮತಪತ್ರಗಳೇ ಇದ್ದವು. ಚಿಹ್ನೆಯ ಮೇಲೆ ಮುದ್ರೆ ಒತ್ತಿ, ಶಾಯಿ ಇನ್ನೊಂದು ಚಿಹ್ನೆಗೆ ತಾಗದಂತೆ ಮಡಿಸುವುದನ್ನು ನಾವು ಮತದಾರರಿಗೆ ಹೇಳಿಕೊಡಬೇಕಿತ್ತು. ವಿಜಯನಗರದ ಗೋಡೆಗಳ ಮೇಲೆಲ್ಲ ಸುಣ್ಣ ಬಳಿದು ಚಿಹ್ನೆ ಬರೆದಿರುತ್ತಿದ್ದರು. ಆಟೋದ ಮೈಕ್ ಹೋದ ಕಡೆಯೆಲ್ಲ ಬಣ್ಣದ ಕಾಗದ ಹಾರುತ್ತಿತ್ತು. ಎಣಿಕೆ ಶುರುವಾದರೆ ಮುಗಿಯುವ ಹೊತ್ತನ್ನು ಯಾರಿಗೂ ಹೇಳಲಾಗುತ್ತಿರಲಿಲ್ಲ. ಜನ ರೇಡಿಯೋದ ಮುಂದೆಯೇ ಊಟ ಮಾಡುತ್ತಿದ್ದರು. ಆಮೇಲೆ ಯಂತ್ರ ಬಂತು, ಗೋಡೆ ಬರಹಕ್ಕೆ ಕಡಿವಾಣ ಬಿತ್ತು, ಬೀದಿಗಳು ಸ್ವಲ್ಪ ಮಂಕಾದವು.

ಅಷ್ಟು ಹೊತ್ತಿಗೆ ನಮ್ಮ ಪಶ್ಚಿಮದ ಬಡಾವಣೆಗಳೂ ಗುರುತು ಸಿಗದಂತೆ ಬೆಳೆದಿದ್ದವು. ಹೊಲದ ನಡುವೆ ಹಳ್ಳಿಯಂತಿದ್ದ ಮೂಡಲಪಾಳ್ಯದಲ್ಲಿ ಬಾಡಿಗೆ ಮನೆಗಳು ಮೂರು ಮಹಡಿ ಎದ್ದವು. ಕೆಂಗೇರಿಯವರು ಅಲ್ಲಿಯವರೆಗೆ ಲೋಕಸಭೆಗೆ ಮತ ಹಾಕುತ್ತಿದ್ದುದು ಕನಕಪುರ ಕ್ಷೇತ್ರಕ್ಕೆ. ಜನ ಹೆಚ್ಚಾದಾಗ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆಯುವುದಕ್ಕೆ ಕ್ಷೇತ್ರ ಮರುವಿಂಗಡಣೆ ಎನ್ನುತ್ತಾರೆ. ೨೦೦೮ರಲ್ಲಿ ಅದು ಜಾರಿಗೆ ಬಂದಾಗ ಕೆಂಗೇರಿ ಬೆಂಗಳೂರು ಉತ್ತರಕ್ಕೆ ಹೋಯಿತು, ರಾಜಾಜಿನಗರ ಹೊಸದಾಗಿ ಹುಟ್ಟಿದ ಬೆಂಗಳೂರು ಕೇಂದ್ರಕ್ಕೆ ಸೇರಿತು, ಮೂಡಲಪಾಳ್ಯವಿರುವ ಗೋವಿಂದರಾಜನಗರ ಮತ್ತು ವಿಜಯನಗರ ಬೆಂಗಳೂರು ದಕ್ಷಿಣದಲ್ಲಿ ಉಳಿದವು. ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವ ಮೂವರು ಮೂರು ಕ್ಷೇತ್ರಗಳ ಮತದಾರರಾದರು. ಆ ಗಡಿಗಳ ಮೇಲೆ ನಡೆದ ಮೊದಲ ಲೋಕಸಭಾ ಚುನಾವಣೆ ಅದು. ಮತದಾರರ ಪಟ್ಟಿಯಲ್ಲಿ ಹೆಸರಿನ ಪಕ್ಕ ಫೋಟೊ ಬಂದದ್ದೂ ನನಗೆ ಹೊಸದು. ಯಾರದೋ ಹೆಸರಿಗೆ ಯಾರದೋ ಮುಖ ಅಂಟಿರಬಹುದು ಎಂದು ತರಬೇತಿಯಲ್ಲೇ ಎಚ್ಚರಿಸಿದ್ದರು.

ಮತದಾನದ ಬೆಳಿಗ್ಗೆ ಪಕ್ಷಗಳ ಪೋಲಿಂಗ್ ಏಜೆಂಟರು ಬಂದು ಕುಳಿತರು. ಇವರು ಸುಮ್ಮನೆ ಕೂರಲು ಬಂದವರಲ್ಲ. ಬರುವ ಮತದಾರರನ್ನು ನೋಡಿ, ಬೇರೆಯವರ ಹೆಸರಿನಲ್ಲಿ ಮತ ಹಾಕಲು ಬಂದವರನ್ನು ಗುರುತಿಸುವುದು ಇವರ ಕೆಲಸ. ಅದಕ್ಕೇ ಅದೇ ಬೀದಿಗಳ ಜನರನ್ನು ಆರಿಸುತ್ತಾರೆ. ನನ್ನ ಮತಗಟ್ಟೆಯಲ್ಲಿ ಮುಖ್ಯವಾಗಿ ಇಬ್ಬರಿದ್ದರು. ಒಬ್ಬರು ಪುಟ್ಟಸ್ವಾಮಿ, ಬಟ್ಟೆ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು, ಶಾಲೆಯ ಹಿಂದಿನ ಬೀದಿಯಲ್ಲೇ ಸ್ವಂತ ಮನೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ನೆಟ್ಟಗಿನ ಬೆನ್ನು, ಮಾತು ಕಡಿಮೆ. ಇನ್ನೊಬ್ಬರು ಎದುರು ಪಕ್ಷದ ಗೋಪಾಲಶೆಟ್ಟರು; ಮುಖ್ಯರಸ್ತೆಯ ಪ್ರಾವಿಷನ್ ಸ್ಟೋರ್ ಅವರದು. ಮತಪತ್ರದ ಕಾಲದಿಂದಲೂ ಇಬ್ಬರೂ ಅದೇ ಶಾಲೆಯಲ್ಲಿ, ಬಹುಶಃ ಅದೇ ಬೆಂಚಿನ ಮೇಲೆ, ಚುನಾವಣೆಯಿಂದ ಚುನಾವಣೆಗೆ ಪಕ್ಕಪಕ್ಕ ಕುಳಿತವರು.

ಮತದಾನ ಶುರುವಾಗುವ ಮುನ್ನ ಯಂತ್ರ ಸರಿಯಿದೆಯೇ ಎಂದು ನೋಡಲು ಅಣಕು ಮತದಾನ ಮಾಡಬೇಕು. ಏಜೆಂಟರು ಒಂದೊಂದು ಗುಂಡಿ ಒತ್ತುತ್ತಾರೆ, ಎಣಿಸಿ ತೋರಿಸಿ ಎಲ್ಲವನ್ನೂ ಅಳಿಸುತ್ತೇವೆ. ಈ ಇಬ್ಬರೂ ತಮ್ಮ ಪಕ್ಷ ಬಿಟ್ಟು ಪರಸ್ಪರರ ಪಕ್ಷದ ಗುಂಡಿ ಒತ್ತಿದ್ದನ್ನು ಕಂಡು ನನಗೆ ಆಶ್ಚರ್ಯವಾಯಿತು. ಅದು ಇಬ್ಬರ ಹಳೆಯ ಪದ್ಧತಿಯಂತೆ. ಹೇಗಿದ್ದರೂ ಅಳಿಸಿಹೋಗುವ ಮತ ಎಂದು ಶೆಟ್ಟರು ನಕ್ಕರು.

ಬೆಳಗಿನ ಸಾಲು ಉದ್ದವಿತ್ತು. ಕಾರ್ಖಾನೆಗೆ, ಗಾರ್ಮೆಂಟ್ಸ್‌ಗೆ ಹೋಗುವವರು ಮೊದಲು ಬಂದರು, ಆಮೇಲೆ ಮನೆಗೆಲಸ ಮುಗಿಸಿದ ಹೆಂಗಸರು. ಬಿಸಿಲೇರುವ ಹೊತ್ತಿಗೆ ಹೆಂಗಸರ ಸಾಲಿನಿಂದ ಒಬ್ಬಾಕೆ ಒಳಗೆ ಬಂದಳು. ವಯಸ್ಸು ನಲವತ್ತರ ಆಚೀಚೆ ಇರಬೇಕು. ಬಹಳ ಸೊರಗಿದ್ದಳು. ತಲೆಗೂದಲು ಈಗಷ್ಟೇ ಮರಳಿ ಬೆಳೆಯುತ್ತಿರುವಂತೆ ಮೋಟಾಗಿತ್ತು. ಸೆರಗನ್ನು ತಲೆಯ ಮೇಲೆ ಹೊದ್ದಿದ್ದಳು. ಮೊದಲ ಪೋಲಿಂಗ್ ಆಫೀಸರ್ ಪಟ್ಟಿ ನೋಡಿ ಗಟ್ಟಿಯಾಗಿ ಹೆಸರು ಓದಿದರು: ಮಂಜುಳ, ಗಂಡ ಮಹದೇವ. ಪಟ್ಟಿಯ ಫೋಟೊದಲ್ಲಿದ್ದದ್ದು ತುಂಬುಗೆನ್ನೆಯ, ಜಡೆ ಮುಂದಕ್ಕೆ ಬಿಟ್ಟುಕೊಂಡ ಹೆಂಗಸು. ಕೈಯಲ್ಲಿದ್ದ ಗುರುತಿನ ಚೀಟಿಯ ಮೇಲೂ ಅದೇ ಹಳೆಯ ಮಸುಕು ಚಿತ್ರ.

ಶೆಟ್ಟರು ಎದ್ದು ನಿಂತರು.

"ಮೇಡಂ, ನಾನು ಚಾಲೆಂಜ್ ಮಾಡ್ತೀನಿ. ಈ ಫೋಟೊದಲ್ಲಿರೋರು ಇವರಲ್ಲ."

ಇಷ್ಟು ವರ್ಷಗಳ ಡ್ಯೂಟಿಯಲ್ಲಿ ಚಾಲೆಂಜ್ಡ್ ವೋಟ್, ಅಂದರೆ ಆಕ್ಷೇಪಿತ ಮತವನ್ನು ನಾನು ಕೈಪಿಡಿಯಲ್ಲಿ ಓದಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ನಿಯಮ ಹೀಗಿದೆ: ಏಜೆಂಟರು ಎರಡು ರೂಪಾಯಿ ಠೇವಣಿ ಇಟ್ಟು ಮತದಾರರ ಗುರುತನ್ನು ಪ್ರಶ್ನಿಸಬಹುದು. ಆಗ ಅಧ್ಯಕ್ಷಾಧಿಕಾರಿ ಅಲ್ಲೇ ಚುಟುಕಾಗಿ ವಿಚಾರಣೆ ನಡೆಸಬೇಕು. ಆಕ್ಷೇಪ ನಿಜವಾದರೆ ಬಂದವರನ್ನು ದೂರಿನೊಂದಿಗೆ ಪೊಲೀಸರಿಗೆ ಒಪ್ಪಿಸಬೇಕು. ಸುಳ್ಳಾದರೆ ಮತ ಹಾಕಲು ಬಿಡಬೇಕು. ಆಕ್ಷೇಪ ಬರೀ ಕಿರುಕುಳಕ್ಕೆ ಮಾಡಿದ್ದಾದರೆ ಠೇವಣಿ ಮುಟ್ಟುಗೋಲು. ಹೊರಗಿದ್ದ ಕಾನ್‌ಸ್ಟೇಬಲ್ ಬಾಗಿಲಿಗೆ ಬಂದು ನಿಂತ. ಸಾಲಿನಲ್ಲಿ ಗುಜುಗುಜು ಶುರುವಾಯಿತು.

ನಾನು ಶೆಟ್ಟರಿಂದ ಎರಡು ರೂಪಾಯಿ ಪಡೆದು ರಸೀದಿ ಬರೆದುಕೊಟ್ಟೆ. ಬೇರೆಯವರ ಹೆಸರಿನಲ್ಲಿ ಮತ ಹಾಕುವುದು ಅಪರಾಧ ಎಂದು ಆಕೆಗೆ ನಿಯಮದಂತೆ ಎಚ್ಚರಿಸಿದೆ. ಆಮೇಲೆ ಪಟ್ಟಿಯಲ್ಲಿದ್ದ ವಿವರಗಳನ್ನು ಕೇಳಿದೆ. ಮನೆ ನಂಬರು, ಗಂಡನ ಹೆಸರು, ವಯಸ್ಸು, ಎಲ್ಲದಕ್ಕೂ ತಡೆಯದೆ ಉತ್ತರ ಕೊಟ್ಟಳು. ದೊಡ್ಡ ಕಾಯಿಲೆ ಬಿದ್ದು ಆಪರೇಷನ್ ಆಗಿದೆ, ಔಷಧಿಗೆ ಕೂದಲೆಲ್ಲ ಉದುರಿತು, ಅದಕ್ಕೇ ಫೋಟೊಗೂ ತನಗೂ ಹೋಲಿಕೆ ಇಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ನನಗೆ ಆಕೆಯ ಮಾತು ನಿಜವೆಂದೇ ತೋರಿತು. ಆದರೆ ಶೆಟ್ಟರು ಬಿಡಲಿಲ್ಲ. ವಿವರಗಳನ್ನು ಯಾರು ಬೇಕಾದರೂ ಬಾಯಿಪಾಠ ಮಾಡಿಕೊಂಡು ಬರಬಹುದು, ಈ ಏರಿಯಾದವರು ಯಾರಾದರೂ ಗೊತ್ತು ಅಂದರೆ ಮಾತ್ರ ಒಪ್ಪುತ್ತೇನೆ ಎಂದರು. ಅದು ನಿಯಮದಲ್ಲೂ ಇದೆ. ನೆರೆಹೊರೆಯವರನ್ನಾಗಲಿ, ಅಲ್ಲಿ ಹಾಜರಿದ್ದವರನ್ನಾಗಲಿ ಅಧಿಕಾರಿ ಕೇಳಬಹುದು.

ಕೋಣೆಯಲ್ಲಿ ಆ ಬೀದಿಗಳನ್ನು ಎಲ್ಲರಿಗಿಂತ ಹೆಚ್ಚು ಬಲ್ಲವರು ಪುಟ್ಟಸ್ವಾಮಿ. ಎದುರು ಪಕ್ಷದವರಾದರೂ ಹಳೆಯ ಜೊತೆಗಾರರಾದ್ದರಿಂದ ಅವರ ಮಾತನ್ನು ಶೆಟ್ಟರು ಒಪ್ಪುತ್ತಾರೆ ಎನ್ನಿಸಿತು. ನಾನು ಅವರತ್ತ ತಿರುಗಿ ಕೇಳಿದೆ: "ನೀವು ಹೇಳಿ, ಇವರು ನಿಮಗೆ ಗೊತ್ತಾ?"

ಅವರು ಮುಖ ತಗ್ಗಿಸಿದರು. ಕಣ್ಣು ನೆಲದ ಮೇಲಿತ್ತು. ಆಗ ನಾನು ಗಮನಿಸಿದ್ದು, ಆಕೆ ಒಳಗೆ ಬಂದಾಗಿನಿಂದ ಬೆಂಚಿನ ಆ ತುದಿಯ ಕಡೆ ಒಂದು ಸಲವೂ ನೋಡಿರಲಿಲ್ಲ.

"ಅವರನ್ನ ಕೇಳಬೇಡಿ ಮೇಡಂ," ಎಂದಳು ಆಕೆ. "ನನ್ನ ವೋಟು ಬೇಡ. ನಾನು ಮನೆಗೆ ಹೋಗ್ತೀನಿ."

ಹಾಗೆ ಹೋಗುವಂತಿಲ್ಲ ಎಂದು ನಾನೇ ಹೇಳಬೇಕಾಯಿತು. ಆಕ್ಷೇಪ ದಾಖಲಾಗಿತ್ತು, ವಿಚಾರಣೆ ಅರ್ಧಕ್ಕೆ ಬಿಟ್ಟು ಹೋದರೆ ಅದು ಆಕೆಗೇ ಕೆಟ್ಟದಾಗುತ್ತಿತ್ತು. ಹೊರಗಿನ ಸಾಲಿನಲ್ಲಿ ಯಾರೋ ಹೊತ್ತಾಯಿತೆಂದು ಗೊಣಗಿದರು. ನನ್ನ ಎರಡನೇ ಪೋಲಿಂಗ್ ಆಫೀಸರ್ ಆಕೆಯನ್ನು ಪಕ್ಕಕ್ಕೆ ಕೂರಿಸಿ ಸಾಲು ಬಿಡೋಣವೇ ಎಂದು ಸನ್ನೆಯಲ್ಲೇ ಕೇಳಿದರು. ಬೇಡ ಎಂದು ಕೈ ತೋರಿಸಿದೆ. ಯಾಕೆ ಹಾಗೆ ಮಾಡಿದೆನೋ ಅಂದು ನನಗೇ ಗೊತ್ತಿರಲಿಲ್ಲ. ಪುಟ್ಟಸ್ವಾಮಿಯ ಕೈ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದು ಕಾಣುತ್ತಿತ್ತು.

ಕೊನೆಗೆ ಅವರು ನಿಧಾನವಾಗಿ ಎದ್ದು ನಿಂತರು. ಆಕೆಯನ್ನು ಮೊದಲ ಸಲ ನೇರವಾಗಿ ನೋಡಿದರು. ಮುಖವನ್ನು, ಆಮೇಲೆ ಸೆರಗಿನಂಚಿನಲ್ಲಿ ಕಾಣುತ್ತಿದ್ದ ಮೋಟುಗೂದಲನ್ನು.

"ಗೊತ್ತು ಮೇಡಂ. ನನ್ನ ಮಗಳು."

ನಾನು ಪೆನ್ನು ಕೈಗೆತ್ತಿಕೊಂಡೆ. ಅವರೇ ಮುಂದುವರಿಸಿದರು. "ಫೋಟೊದಲ್ಲಿರೋದೂ ಇವಳೇ. ಹಿಂಗಾಗವ್ಳೆ ಅಂತ ನನಗೆ ಗೊತ್ತಿರಲಿಲ್ಲ."

ಹೇಳಿಕೆಯನ್ನು ದಾಖಲಿಸುವುದು ನನ್ನ ಕೆಲಸ. ಬರೆದುಕೊಂಡೆ, ಅವರು ತಂದೆ ಎಂದು ಸಹಿ ಹಾಕಿದರು. ಆಕ್ಷೇಪ ಸುಳ್ಳೆಂದು ಘೋಷಿಸಿ, ಆಕೆಯ ಬೆರಳಿಗೆ ಶಾಯಿ ಹಾಕಿಸಿ, ಮತ ಹಾಕಲು ಕಳುಹಿಸಿದೆ. ಯಂತ್ರದ ಬೀಪ್ ಸದ್ದು ಕೇಳಿಸಿತು. ಆಕೆ ಹೊರಗೆ ಹೋಗುವಾಗ ತಂದೆಯ ಮುಂದೆ ಒಂದು ಕ್ಷಣ ನಿಂತಳು. ಆಮೇಲೆ ಬಾಗಿಲು ದಾಟಿದಳು.

ಫೋಟೊ ಬೇರೆಯಾಗಿಯೇ ಕಾಣುತ್ತಿದ್ದುದರಿಂದ ಶೆಟ್ಟರ ಆಕ್ಷೇಪಕ್ಕೆ ಕಾರಣವಿತ್ತೆಂದು ಭಾವಿಸಿ ನಾನು ಎರಡು ರೂಪಾಯಿ ವಾಪಸ್ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ, ಮುಟ್ಟುಗೋಲು ಹಾಕಿಕೊಳ್ಳುವುದೇ ಸರಿ ಎಂದರು. ಆಮೇಲೆ ಪುಟ್ಟಸ್ವಾಮಿಯ ತೋಳು ಮುಟ್ಟಿದರು.

"ನೀವು ಹೋಗಿ ಬನ್ನಿ. ನಿಮ್ಮ ಪಾರ್ಟಿ ಕಡೇನೂ ನಾನೇ ನೋಡ್ಕೋತೀನಿ. ನೀವು ಬರೋವರೆಗೂ ಯಾರನ್ನೂ ಚಾಲೆಂಜ್ ಮಾಡಲ್ಲ."

ಪುಟ್ಟಸ್ವಾಮಿ ನನ್ನ ಅನುಮತಿ ಕೇಳಿ, ಚಪ್ಪಲಿ ಮೆಟ್ಟಿಕೊಂಡು, ವಯಸ್ಸಿಗೆ ಮೀರಿದ ಬಿರುಸಿನಲ್ಲಿ ಹೊರಟರು.

ಮಧ್ಯಾಹ್ನದ ಬಿಸಿಲಿಗೆ ಸಾಲು ಕರಗಿ, ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿದಿತ್ತು. ಆಗ ಶೆಟ್ಟರು ನನ್ನ ಮೇಜಿನ ಹತ್ತಿರ ಬಂದು ವಿಷಯ ಹೇಳಿದರು. ಮಹದೇವ ಪುಟ್ಟಸ್ವಾಮಿಯೇ ಮೆಚ್ಚಿ ಆರಿಸಿದ ಅಳಿಯ. ಅವರ ಪಕ್ಷದಲ್ಲೇ ಬಾವುಟ ಕಟ್ಟಿಕೊಂಡು ಬೆಳೆದ ಹುಡುಗ. ತೊಂಬತ್ತೊಂಬತ್ತರ ಚುನಾವಣೆಯ ಹೊತ್ತಿಗೆ ಅವನು ಪಕ್ಷ ಬದಲಿಸಿ ಶೆಟ್ಟರ ಕಡೆ ಬಂದ. ಮಾವನ ಮನೆಯ ಮಹಡಿಯಲ್ಲೇ ಸಂಸಾರ ಹೂಡಿದ್ದವನು ಅದೇ ಮಹಡಿಯ ಮೇಲೆ ಎದುರು ಪಕ್ಷದ ಬಾವುಟ ಏರಿಸಿದ. ಪುಟ್ಟಸ್ವಾಮಿ ಏಣಿ ಹತ್ತಿ ಅದನ್ನು ಕಿತ್ತರು. ಮಾತಿಗೆ ಮಾತು ಬೆಳೆಯಿತು. ನಿನಗೆ ಅಪ್ಪ ಬೇಕೋ ಗಂಡ ಬೇಕೋ ಎಂದು ಮಗಳನ್ನು ಕೇಳಿದರು. ಅವಳು ಗಂಡನ ಜೊತೆ ಕೆಂಗೇರಿಗೆ ಮನೆ ಮಾಡಿಕೊಂಡು ಹೋದಳು. ಅಂದಿನಿಂದ ಮಾತಿಲ್ಲ. ಕಾಯಿಲೆ ಬಿದ್ದ ಮೇಲೆ, ಪರಿಚಯದ ಜನರ ನಡುವೆ ಇರೋಣವೆಂದು ಕಳೆದ ವರ್ಷ ಮೂಡಲಪಾಳ್ಯಕ್ಕೇ ಬಾಡಿಗೆಗೆ ಬಂದಿದ್ದಳು. ತಂದೆಗೆ ಮಗಳು ಬಂದಿರುವುದು ಗೊತ್ತಿತ್ತು, ಕಾಯಿಲೆ ಗೊತ್ತಿರಲಿಲ್ಲ. ಹೇಳಲು ಹೋದವರನ್ನು ಅವರು ಬಾಗಿಲಲ್ಲೇ ತಡೆಯುತ್ತಿದ್ದರು.

ಅಷ್ಟರಲ್ಲಿ ನನಗೆ ಹೊಳೆಯಿತು. ಮಹದೇವ ಶೆಟ್ಟರ ಪಕ್ಷದವನು. ಅವನ ಹೆಂಡತಿಯ ಮತ ಎಲ್ಲಿಗೆ ಬೀಳುತ್ತದೆಂದು ಬೀದಿಗೆಲ್ಲ ಅಂದಾಜಿದೆ. ತನ್ನ ಪಕ್ಷಕ್ಕೇ ಬರುವ ಮತವನ್ನು ಯಾವ ಏಜೆಂಟ್ ತಡೆಯುತ್ತಾನೆ?

"ಆಕೆ ಯಾರು ಅಂತ ನಿಮಗೆ ಮೊದಲೇ ಗೊತ್ತಿತ್ತಾ ಶೆಟ್ಟರೇ?"

"ನನ್ನ ಅಂಗಡೀಲಿ ಪೆಪ್ಪರಮಿಂಟು ತಗೊಂಡು ಬೆಳೆದ ಹುಡುಗಿ ಮೇಡಂ. ಈಗಲೂ ರೇಷನ್ನು ನನ್ನ ಹತ್ರಾನೇ."

ನನಗೆ ಸಿಟ್ಟು ಬಂತು. ಮತಗಟ್ಟೆ ಪಂಚಾಯಿತಿ ಕಟ್ಟೆಯಲ್ಲ, ಆ ಹೆಣ್ಣುಮಗಳನ್ನು ಅಷ್ಟು ಜನರ ಮುಂದೆ ಕಳ್ಳಿಯಂತೆ ನಿಲ್ಲಿಸಿದಿರಿ, ಪುಟ್ಟಸ್ವಾಮಿ ಬಾಯಿ ಬಿಡದಿದ್ದರೆ ಗತಿಯೇನಾಗುತ್ತಿತ್ತು ಎಂದು ತರಾಟೆಗೆ ತೆಗೆದುಕೊಂಡೆ. ಶೆಟ್ಟರು ತಲೆ ತಗ್ಗಿಸಿಯೇ ಕೇಳಿಸಿಕೊಂಡರು. ನಿಂತ ಜಾಗದಲ್ಲೇ ತೋಚಿದ್ದು ಅದು, ಆಕೆ ಒಳಗೆ ಬರುತ್ತಿದ್ದಂತೆ ಪುಟ್ಟಸ್ವಾಮಿ ಮುಖ ತಿರುಗಿಸಿದ್ದನ್ನು ನೋಡಿ ತಡೆಯಲಾಗಲಿಲ್ಲ ಎಂದರು. ಆಮೇಲೆ ಹೇಳಿದರು:

"ಹತ್ತು ವರ್ಷದಿಂದ ಮಗಳ ವಿಷಯ ನಾವೆಲ್ಲ ಕೇಳಿದ್ವಿ ಮೇಡಂ, ಅವರು ಉತ್ತರಾನೇ ಕೊಡಲಿಲ್ಲ. ಆದರೆ ಸರ್ಕಾರ ಕೇಳಿದ್ರೆ ಪುಟ್ಟಸ್ವಾಮಿ ಸುಳ್ಳು ಹೇಳಲ್ಲ. ಇಷ್ಟು ಎಲೆಕ್ಷನ್ನು ಪಕ್ಕದಲ್ಲಿ ಕೂತಿದೀನಿ, ಅದೊಂದು ನನಗೆ ಗ್ಯಾರಂಟಿ."

ನಾನು ಠೇವಣಿಯನ್ನು ಮುಟ್ಟುಗೋಲು ಎಂದು ಬರೆದೆ. ಅದಕ್ಕಿಂತ ದೊಡ್ಡ ಶಿಕ್ಷೆ ನಿಯಮದಲ್ಲಿ ಇರಲಿಲ್ಲ. ಇದ್ದಿದ್ದರೂ ಕೊಡುತ್ತಿದ್ದೆನೋ ಇಲ್ಲವೋ.

ಪುಟ್ಟಸ್ವಾಮಿ ಮೂರರ ಹೊತ್ತಿಗೆ ವಾಪಸ್ ಬಂದರು. ಕೈಯಲ್ಲಿ ಸ್ಟೀಲ್ ಡಬ್ಬಿ ಇತ್ತು. ಮಗಳ ಮನೆಯ ಚಿತ್ರಾನ್ನ. ಎಲ್ಲರಿಗೂ ಆಗುವಷ್ಟು ಕೊಟ್ಟಿದ್ದಾಳೆ ಎಂದು ನಮ್ಮ ಮುಂದೂ ಇಟ್ಟರು. ಚುನಾವಣಾ ಸಿಬ್ಬಂದಿ ಯಾವ ಪಕ್ಷದವರಿಂದಲೂ ಒಂದು ಲೋಟ ಕಾಫಿಯನ್ನೂ ತೆಗೆದುಕೊಳ್ಳುವಂತಿಲ್ಲ. ನಾವು ಬೇಡವೆಂದೆವು. ಇಬ್ಬರೂ ವರಾಂಡಕ್ಕೆ ಹೋಗಿ, ಒಂದೇ ಡಬ್ಬಿಯ ಮುಚ್ಚಳ ಮತ್ತು ತಳ ಹಂಚಿಕೊಂಡು ತಿಂದರು. ಒಳಗೆ ಒಗ್ಗರಣೆಯ ಪರಿಮಳ ಬಂತು. ನಮ್ಮ ಎರಡನೇ ಪೋಲಿಂಗ್ ಆಫೀಸರ್ ನಿಯಮಗಳನ್ನು ಮಾಡಿದವರ ಬಗ್ಗೆ ಏನೋ ಗೊಣಗಿಕೊಂಡರು.

ಸಂಜೆ ಐದಕ್ಕೆ ಮತದಾನ ಮುಗಿಯಿತು. ಯಂತ್ರಕ್ಕೆ ಸೀಲ್ ಹಾಕಿ, ಒಟ್ಟು ಮತಗಳ ಲೆಕ್ಕದ ಪ್ರತಿ ಕೊಟ್ಟಾಗ ಇಬ್ಬರೂ ಸಹಿ ಮಾಡಿದರು. ನಾವು ಬಸ್ ಹತ್ತುವಾಗ ಗೇಟಿನ ಬಳಿ ಅವರಿಬ್ಬರಿಂದ ಸ್ವಲ್ಪ ದೂರದಲ್ಲಿ ಮೂರನೆಯವನೊಬ್ಬ ನಿಂತಿದ್ದ, ಮುಂದೆ ಬರಲೋ ಬೇಡವೋ ಎಂಬಂತೆ. ಅವನೇ ಮಹದೇವ ಎಂದು ಊಹಿಸಿದೆ. ಪುಟ್ಟಸ್ವಾಮಿ ಅವನ ಕಡೆ ಹೋದರೋ ಇಲ್ಲವೋ ನೋಡುವ ಮೊದಲೇ ಬಸ್ ತಿರುಗಿತು. ಆ ಕ್ಷೇತ್ರದಲ್ಲಿ ಆ ಸಲ ಗೆದ್ದವರು ಯಾರು, ಸೋತವರು ಯಾರು ಎಂಬುದು ದಾಖಲೆಯಲ್ಲಿದೆ. ಮಂಜುಳೆಯ ಒಂದು ಮತದಿಂದ ಅದರಲ್ಲಿ ಏನೂ ಹೆಚ್ಚುಕಡಿಮೆ ಆಗಲಿಲ್ಲ.

ಬಹಳ ವರ್ಷಗಳ ಮೇಲೆ, ನಿವೃತ್ತಿಗೆ ಸ್ವಲ್ಪ ಮುಂಚೆ, ವಿಜಯನಗರದ ಮಾರುಕಟ್ಟೆಯಲ್ಲಿ ಸೊಪ್ಪು ಆರಿಸುತ್ತಿದ್ದಾಗ ಒಬ್ಬಾಕೆ ಬಂದು 'ಮೇಡಂ' ಎಂದು ಕೈ ಹಿಡಿದುಕೊಂಡಳು. ಮೈ ತುಂಬಿತ್ತು, ಜಡೆ ಬೆಳೆದಿತ್ತು. ಹೆಸರು ಹೇಳಿದ ಮೇಲೆಯೇ ನನಗೆ ಗುರುತು ಸಿಕ್ಕಿತು. ತಂದೆ ಕೊನೆಯವರೆಗೂ ತಮ್ಮ ಜೊತೆಯಲ್ಲೇ ಇದ್ದರು, ಹೋದ ವರ್ಷ ತೀರಿಕೊಂಡರು ಎಂದಳು. ಮಾವ ಅಳಿಯ ಹೇಗಿದ್ದರು ಎಂದು ಕೇಳಿದೆ. ಚುನಾವಣೆ ಬಂದರೆ ದಿನಾ ಜಗಳ, ಟಿವಿಯ ಮುಂದೆ ಕುಳಿತರೆ ಇಬ್ಬರ ಗಂಟಲೂ ಬೀದಿಗೆ ಕೇಳುತ್ತಿತ್ತು, ಆದರೆ ಊಟಕ್ಕೆ ಒಬ್ಬರನ್ನೊಬ್ಬರು ಕಾಯುತ್ತಿದ್ದರು ಎಂದಳು. ಶೆಟ್ಟರು ಆಗಾಗ ಬಂದು ಆ ಜಗಳಕ್ಕೆ ಒಗ್ಗರಣೆ ಹಾಕಿ ಹೋಗುತ್ತಿದ್ದರಂತೆ.

ಆ ಚುನಾವಣೆಯ ನಂತರ ಹೊಸ ಅಧಿಕಾರಿಗಳಿಗೆ ತರಬೇತಿ ಕೊಡುವ ಕೆಲಸವೂ ಕೆಲವು ಸಲ ನನ್ನ ಪಾಲಿಗೆ ಬಂತು. ಯಂತ್ರ ಜೋಡಿಸುವುದನ್ನು, ಸೀಲ್ ಹಾಕುವುದನ್ನು ಅವರು ಬೇಗ ಕಲಿಯುತ್ತಿದ್ದರು. ಆಕ್ಷೇಪಿತ ಮತದ ಪಾಠ ಬಂದಾಗ ಮಾತ್ರ ನಾನು ಪುಸ್ತಕ ಮುಚ್ಚಿ ಒಂದು ಮಾತು ಸೇರಿಸುತ್ತಿದ್ದೆ. ಆ ಕೋಣೆಯಲ್ಲಿ ನೀವು ಕೇಳುವ ಪ್ರಶ್ನೆಗೆ ಜನ ಬೇರೆಲ್ಲೂ ಕೊಡದ ಬೆಲೆ ಕೊಡುತ್ತಾರೆ. ಮನೆಯಲ್ಲಿ, ಬೀದಿಯಲ್ಲಿ ವರ್ಷಗಟ್ಟಲೆ ಹೇಳದೆ ಉಳಿಸಿಕೊಂಡ ನಿಜವನ್ನು ಅಲ್ಲಿ ಎದ್ದು ನಿಂತು ಹೇಳುವವರು ಇದ್ದಾರೆ. ಹೊರಗೆ ಸಾಲು ಎಷ್ಟೇ ಉದ್ದವಿರಲಿ, ಪ್ರಶ್ನೆ ಕೇಳಿದ ಮೇಲೆ ಅವರು ಬಾಯಿ ತೆರೆಯುವವರೆಗೆ ಕಾಯಿರಿ.